ಶ್ರಮದಾನ ಮಾಡಿದವರ ಒಂದು ದಿನದ ಕೂಲಿ

ಊರ ಕೆಲಸಕ್ಕೆ ಎಲ್ಲರೂ ಕೈ ಹಾಕಬೇಕು ಅಂತ ಸರ್ಕಾರ ಹೇಳುತ್ತೆ. ಸರಿಯೇ. ಆದರೆ ನಮ್ಮ ದೊಡ್ಡಬಳ್ಳಾಪುರದ ಕಡೆ ರಾಗಿ ಕಳೆ ಕೀಳುವ ಕಾಲದಲ್ಲಿ ಹನ್ನೊಂದು ಗಂಟೆಗೆ ಸಭೆ ಕರೆದರೆ ಕೂಲಿಗೆ ಹೋಗೋ ಹೆಂಗಸು ಹೇಗೆ ಬಂದಾಳು? ಬಂದರೆ ಅವತ್ತಿನ ಕೂಲಿ ಹೋಯ್ತು. ಸ್ವಂತ ಜಮೀನಿರುವ ನಮಗೆ ಇದು ತಿಳಿಯೋದಿಲ್ಲ. ನನಗೂ ತಡವಾಗಿಯೇ ತಿಳಿದದ್ದು.

2000-01ರಲ್ಲಿ ರಾಜ್ಯ ಸರ್ಕಾರ ತಂದ ಸ್ತ್ರೀಶಕ್ತಿ ಯೋಜನೆ ನೋಡಿ. 15ರಿಂದ 20 ಹೆಂಗಸರ ಗುಂಪು, ವಾರವಾರ ಉಳಿತಾಯ, ಅದರಲ್ಲೇ ಸಾಲ. ಸರ್ಕಾರದ್ದು 5,000 ರೂಪಾಯಿ ಸುತ್ತುನಿಧಿ, ಗುಂಪು ಕಟ್ಟೋಕೆ ಅಂಗನವಾಡಿ ಕಾರ್ಯಕರ್ತೆ. ದುಡ್ಡು ಸಣ್ಣದೇ. ನಮ್ಮೂರಲ್ಲಿ ಮುದ್ದೆ ಉಂಡಾದ ಮೇಲೆ ರಾತ್ರಿ ಕೂರುತ್ತಿದ್ದರು. ಕೂಲಿ ತಪ್ಪಲಿಲ್ಲ, ಗುಂಪು ಉಳೀತು.

ಹೊತ್ತಿನ ಮಾತು ಇದಾದರೆ ವಂತಿಗೆಯದು ಇನ್ನೊಂದು. 2019ರಲ್ಲಿ ಬಂದ ಜಲಜೀವನ್ ಮಿಷನ್‌ನಲ್ಲಿ ಊರೊಳಗಿನ ನಲ್ಲಿ ಕೆಲಸದ ವೆಚ್ಚಕ್ಕೆ ಜನರ ವಂತಿಗೆ ಶೇ. 10 ಅಂತ ಇಟ್ಟರು. ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಊರಿಗೆ ಶೇ. 5. ದುಡ್ಡಿಲ್ಲದಿದ್ದರೆ ಸಾಮಾನು ಅಥವಾ ಮೈಗೆಲಸ ಕೊಡಬಹುದು. ರಿಯಾಯಿತಿ ನ್ಯಾಯವೇ. ಆದರೆ ಪೈಪಿಗೆ ಕಾಲುವೆ ತೋಡಿದ ದಿನದ ಕೂಲಿಯನ್ನ ಯಾರೂ ವಂತಿಗೆ ಪುಸ್ತಕಕ್ಕೆ ಹತ್ತಿಸದಿದ್ದರೆ? "ಅಣ್ಣಾ, ನಾನು ಕೊಟ್ಟಿಲ್ವಾ?" ಅಂತ ಕೂಲಿಯವನೊಬ್ಬ ಕೇಳಿದಾಗ ನನ್ನ ಬಾಯಿ ಕಟ್ಟಿತು. ನೀವು ನೀರು ಸಮಿತಿಯಲ್ಲಿದ್ದರೆ ಹೆಸರು, ದಿನ, ಮಾಡಿದ ಕೆಲಸ ಬರೆದಿಡಿ. ಮುಂದೆ ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನೋ ಮಾತು ಬಂದಾಗ ಆ ಪುಸ್ತಕ ಬೇಕಾಗುತ್ತೆ.