ಪಾದ ಜೋಮು ಹಿಡಿದಿದ್ದರೆ ವಾಹನ ಓಡಿಸಬಹುದೇ?

ಸಕ್ಕರೆ ಕಾಯಿಲೆ ಹಲವು ವರ್ಷಗಳಿಂದ ಇದ್ದವರಲ್ಲಿ ಪಾದದ ನರಗಳು ದುರ್ಬಲವಾಗಿ ಸ್ಪರ್ಶಜ್ಞಾನ ಕುಂದಬಹುದು. ಕಾರಿನಲ್ಲಿ ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಬಲಗಾಲಿನಿಂದಲೇ ಒತ್ತಬೇಕು. ಪಾದ ಎಲ್ಲಿದೆ, ಎಷ್ಟು ಒತ್ತಿದೆ ಎಂಬುದು ತಿಳಿಯದಿದ್ದರೆ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತುವ ಅಪಾಯವಿದೆ.

ಈ ಸೂಚನೆಗಳನ್ನು ಪಾಲಿಸಿರಿ:

1. ಕಾಲಿನ ಚಪ್ಪಲಿ ಕಳಚಿದ್ದೂ ತಿಳಿಯದಿದ್ದರೆ ವಾಹನ ಓಡಿಸುವುದನ್ನು ನಿಲ್ಲಿಸಿ, ವೈದ್ಯರಿಗೆ ತೋರಿಸಿರಿ.

2. ಹವಾಯಿ ಚಪ್ಪಲಿ ಧರಿಸಿ ಓಡಿಸಬೇಡಿರಿ. ಹಿಮ್ಮಡಿಗೆ ಪಟ್ಟಿ ಇರುವ ಪಾದರಕ್ಷೆ ಧರಿಸಿರಿ.

3. ಗೇರಿಲ್ಲದ ಸ್ಕೂಟರಿನ ಬ್ರೇಕುಗಳು ಕೈಯಲ್ಲೇ ಇದ್ದರೂ, ನಿಲ್ಲಿಸುವಾಗ ಕಾಲೂರಲೇಬೇಕು.

4. ಬ್ರೇಕ್, ಆಕ್ಸಿಲರೇಟರುಗಳನ್ನು ಕೈಯಿಂದ ನಡೆಸುವಂತೆ ಕಾರನ್ನು ಮಾರ್ಪಡಿಸಬಹುದು. ಅದಕ್ಕೆ ಆರ್‌ಟಿಒ ಅನುಮತಿ ಪಡೆಯಿರಿ.

ಮನೆಯವರ ಗಮನಕ್ಕೆ: ರೋಗಿಯು "ನನಗೇನೂ ಆಗಿಲ್ಲ" ಎಂದರೂ, ವೈದ್ಯರು ಪಾದ ಪರೀಕ್ಷಿಸಿ ಒಪ್ಪುವವರೆಗೆ ಗಾಡಿಯ ಕೀಲಿಕೈ ಕೊಡಬೇಡಿರಿ.