ಹಳೆ ಚಿನ್ನದ ಪಾಕೆಟ್ ವಾಚ್: ಬೆಲೆ ಇರುವುದು ಚಿನ್ನಕ್ಕಲ್ಲ, ಒಳಗಿನ ಯಂತ್ರಕ್ಕೆ

ಕ್ರೋನೋಗ್ರಾಫ್ ಇರುವ ಹಳೆಯ ಚಿನ್ನದ ಪಾಕೆಟ್ ವಾಚ್ ಕೊಳ್ಳುವ ಆಸೆಯೇ? ಮೊದಲು ತೂಕ ಕೇಳಬೇಡಿ, ಹಿಂಬದಿಯ ಮುಚ್ಚಳ ತೆರೆಸಿ ನೋಡಿ.

ಏನಿದು ಕ್ರೋನೋಗ್ರಾಫ್?
ವಾಚ್ ನಡೆಯುತ್ತಿರುವಾಗಲೇ ಪ್ರತ್ಯೇಕ ಸೆಕೆಂಡ್ ಮುಳ್ಳನ್ನು ಓಡಿಸಿ, ನಿಲ್ಲಿಸುವ ವ್ಯವಸ್ಥೆ. 1821ರಲ್ಲಿ ಪ್ಯಾರಿಸ್‌ನ ಕುದುರೆ ರೇಸ್‌ನಲ್ಲಿ ನಿಕೊಲಾ ರ್ಯೂಸೆಕ್ ಬಳಸಿದ ಯಂತ್ರ ಡಯಲ್ ಮೇಲೆ ಶಾಯಿಯ ಚುಕ್ಕೆ ಇಡುತ್ತಿತ್ತು. ಮುಳ್ಳನ್ನು ಥಟ್ಟನೆ ಸೊನ್ನೆಗೆ ತರುವ ಹೃದಯಾಕಾರದ ಕ್ಯಾಮ್‌ಗೆ ಅಡಾಲ್ಫ್ ನಿಕೋಲ್ 1844ರಲ್ಲಿ ಪೇಟೆಂಟ್ ಪಡೆದರು.

ಎಲ್ಲಿ ಎಚ್ಚರ ಬೇಕು?
ಚಿನ್ನಕ್ಕಾಗಿ ಎಷ್ಟೋ ಕೇಸ್‌ಗಳನ್ನು ಕರಗಿಸಲಾಗಿದೆ. ಉಳಿದ ಯಂತ್ರವನ್ನು ಬೇರೆ ಕೇಸ್‌ನಲ್ಲಿ ಕೂರಿಸಿ ಮಾರುವುದೂ ಉಂಟು. ಬಟನ್‌ಗೂ ರಂಧ್ರಕ್ಕೂ ಹೊಂದಾಣಿಕೆ ಇಲ್ಲದಿದ್ದರೆ, ಕೇಸ್ ಒಳಗೆ ಬೇರೆ ಸ್ಕ್ರೂಗಳ ಗುರುತಿದ್ದರೆ ಅನುಮಾನಿಸಿ.

ಪರೀಕ್ಷೆ ಹೇಗೆ?
ಬಟನ್ ಒತ್ತಿದಾಗ ಮುಳ್ಳು ಜಿಗಿಯದೆ ಹೊರಡಬೇಕು, ಸರಿಯಾಗಿ ಸೊನ್ನೆಗೇ ಮರಳಬೇಕು. ಇಲ್ಲವಾದರೆ ರಿಪೇರಿ ದುಬಾರಿ. ಇಷ್ಟು ಹಳೆಯ ಬಿಡಿಭಾಗ ಅಂಗಡಿಯಲ್ಲಿ ಸಿಗುವುದು ಅಪರೂಪ, ಹೆಚ್ಚಾಗಿ ಕೈಯಿಂದಲೇ ಮಾಡಿಸಬೇಕು.

ಮನೆಯಲ್ಲಿ ಅಜ್ಜನ ಕಾಲದ ಇಂಥ ವಾಚ್ ಇದೆಯೇ? ಅಕ್ಕಸಾಲಿಗನ ಬಳಿ ಹೋಗುವ ಮುನ್ನ ಅನುಭವಿ ವಾಚ್ ತಜ್ಞರಿಗೆ ತೋರಿಸಿ. ಒಮ್ಮೆ ಕೇಸ್ ಕರಗಿದರೆ ಕೈಗೆ ಸಿಗುವುದು ಚಿನ್ನದ ದುಡ್ಡು ಮಾತ್ರ.