ಹತ್ತು ಸಾವಿರ ಬಡಿತದ ರೊಟ್ಟಿ ಊಟ

ಬೆಂಗಳೂರಿಗೆ ತಿನ್ನೋದಕ್ಕೆ ಅಂತಲೇ ಹೋಗುವವರು ಸಾಮಾನ್ಯವಾಗಿ ವಿ.ವಿ. ಪುರಂನ ತಿಂಡಿ ಬೀದಿಗೋ, ಬಸವನಗುಡಿಯ ದೋಸೆ ಹೋಟೆಲ್‌ಗೋ ಹೋಗುತ್ತಾರೆ. ನಾನು ಮತ್ತು ನನ್ನ ರೂಮ್‌ಮೇಟ್ ಕಳೆದ ತಿಂಗಳ ಒಂದು ವೀಕೆಂಡ್‌ನಲ್ಲಿ ಹೋಗಿದ್ದು ಊರಿನ ಅಂಚಿಗೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯ. ಕೆಲಸ ಹುಡುಕಿಕೊಂಡು ಬಂದವರು ಹೆಚ್ಚಾಗಿ ಇರುವುದು ಅಲ್ಲೇ. ಅವರ ಹಿಂದೆಯೇ ಅವರೂರಿನ ಅಡುಗೆಯೂ ಬಂದಿರುತ್ತದೆ. ಮೇಲಾಗಿ ಈಗ ಮೆಟ್ರೊ ಇದೆ. 2023ರ ಅಕ್ಟೋಬರ್‌ನಿಂದ ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಒಂದೇ ರೈಲಿನಲ್ಲಿ ವೈಟ್‌ಫೀಲ್ಡ್, 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಹಳದಿ ಮಾರ್ಗದಲ್ಲಿ ಎಲೆಕ್ಟ್ರಾನಿಕ್ ಸಿಟಿ. ತುಮಕೂರಿನ ಹಾಸ್ಟೆಲ್ ಹುಡುಗರ ಜೇಬಿಗೂ ಎಟುಕುವ ಪ್ರವಾಸ.

ಉಳಿಯಲು ಜಾಗವೂ ಇತ್ತು. ರೂಮ್‌ಮೇಟ್ ಇಂಡಿ ತಾಲ್ಲೂಕಿನವನು. ಅವನ ಅಣ್ಣ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್, ದಾಸರಹಳ್ಳಿಯಲ್ಲಿ ಬಾಡಿಗೆ ರೂಮು.

ಶನಿವಾರ ಮಧ್ಯಾಹ್ನ ಎಲೆಕ್ಟ್ರಾನಿಕ್ ಸಿಟಿಯ ಆಂಧ್ರ ಮೆಸ್ಸಿನಲ್ಲಿ ಬಿಸಿ ಅನ್ನ, ಪಪ್ಪು, ತುಪ್ಪ, ಗೋಂಗುರ ಪಚ್ಚಡಿ. ಒಂದು ತುತ್ತು ಬಾಯಿಗಿಟ್ಟ ರೂಮ್‌ಮೇಟ್, 'ಇದು ನಮ್ಮ ಪುಂಡಿಪಲ್ಯೆ ಅಲ್ಲೇನೋ!' ಅಂತ ಕಣ್ಣರಳಿಸಿದ. ಹೌದು, ಸೊಪ್ಪು ಅದೇ. ಅವರ ಮನೆಯಲ್ಲಿ ಜೋಳದ ನುಚ್ಚು ಹಾಕಿ ಬೇಯಿಸುತ್ತಾರೆ, ಇಲ್ಲಿ ಒಣಮೆಣಸಿನಕಾಯಿ ಹಾಕಿ ಅರೆಯುತ್ತಾರೆ. ಅಲ್ಲಿಂದ ಮೂರು ಬಣ್ಣದ ಮಾರ್ಗ ಬದಲಿಸಿ ವೈಟ್‌ಫೀಲ್ಡ್ ಮುಟ್ಟುವಷ್ಟರಲ್ಲಿ ತಿಂದಿದ್ದೆಲ್ಲ ಕರಗಿತ್ತು. 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿದ ಈ ಊರಿನಲ್ಲಿ ಸಂಜೆ ಹೊತ್ತು ನಮ್ಮ ಕಿವಿಗೆ ಬಿದ್ದಿದ್ದು ಬಂಗಾಳಿ, ಒಡಿಯಾ, ಹಿಂದಿ. ಕಾಡುಗೋಡಿ ಕಡೆ ಗಾಡಿಯೊಂದರಲ್ಲಿ ಲಿಟ್ಟಿ ತಿಂದೆವು. ಗೋಧಿ ಉಂಡೆಯೊಳಗೆ ಹುರಿಗಡಲೆ ಹಿಟ್ಟು ತುಂಬಿ ಕೆಂಡದಲ್ಲಿ ಸುಟ್ಟಿದ್ದು, ಜೊತೆಗೆ ಸುಟ್ಟ ಬದನೆಕಾಯಿ ಗೊಜ್ಜು. ನಮ್ಮಜ್ಜಿಯ ಹುರಿಟ್ಟು ನೆನಪಾಯಿತು. ಕುತ್ತಿಗೆಗೆ ಐಡಿ ಕಾರ್ಡ್ ಹಾಕಿಕೊಂಡವರೂ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡ ಕಟ್ಟಡ ಕೆಲಸದವರೂ ಒಂದೇ ಗಾಡಿಯ ಸುತ್ತ ನಿಂತಿದ್ದರು.

ಭಾನುವಾರ ಪೀಣ್ಯ. ನಿಜ ಹೇಳಬೇಕೆಂದರೆ, ಉಳಿದೆರಡು ಊಟ ಇದರ ಮುಂದೆ ಟ್ರೈಲರ್.

ಅಣ್ಣ ತಿಂಗಳ ಲೆಕ್ಕದಲ್ಲಿ ಉಣ್ಣುವ ಖಾನಾವಳಿ ಒಂದು ಗಲ್ಲಿಯೊಳಗಿದೆ. ಬೋರ್ಡು ಇದೆಯೋ ಇಲ್ಲವೋ ಗೊತ್ತಾಗದಷ್ಟು ಮಾಸಿದೆ. ಆರು ಟೇಬಲ್. ಒಳಗೆ ಹೋಗುವ ಮೊದಲೇ ಟಪ್ ಟಪ್ ಸದ್ದು ಕೇಳುತ್ತದೆ. ತಟ್ಟೆಗೆ ಬಂದದ್ದು ಬಿಸಿ ಜೋಳದ ರೊಟ್ಟಿ, ಎಣಗಾಯಿ, ಮಡಿಕೆಕಾಳು ಪಲ್ಯ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಒಂದು ಹಿಡಿ ಹಸಿ ಮೆಂತ್ಯೆ ಸೊಪ್ಪು. ಮುದ್ದೆಯವನಾದ ನನಗೆ ಹಸಿ ಮೆಂತ್ಯೆ ಅಗಿಯುವುದು ಹೊಸದು. ಮೂರನೇ ರೊಟ್ಟಿಗೆ ಅದೂ ಒಗ್ಗಿತು.

ಖಾನಾವಳಿ ನಡೆಸುವ ಅಕ್ಕ ವಿಜಯಪುರದ ಕಡೆಯವರು. ಊರಲ್ಲಿ ಬರ ಬಿದ್ದ ವರ್ಷ ಗಂಡನ ಜೊತೆ ಬಂದವರು. ಗಂಡ ಬಡಿಸುತ್ತಾರೆ, ಇವರು ರೊಟ್ಟಿ ಬಡಿಯುತ್ತಾರೆ. ಹಿಟ್ಟಿನ ಜೋಳ ಈಗಲೂ ಊರಿನ ಬಸ್ಸಲ್ಲೇ ಬರುತ್ತದಂತೆ. ಹಿಂಗಾರಿನಲ್ಲಿ ಕರಿಮಣ್ಣಿನ ತೇವವನ್ನೇ ಕುಡಿದು ಬೆಳೆಯುವ ಬಿಳಿಜೋಳ. 'ಇಲ್ಲಿ ಅಂಗಡ್ಯಾಗಿನ ಹಿಟ್ಟಿಗೆ ಜಿಗಿ ಇರೂದಿಲ್ಲ ತಮ್ಮಾ' ಎಂದರು. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ, ಎಳೆದರೆ ಹರಿಯುತ್ತದೆ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಬಿಸಿಗೆ ಪಿಷ್ಟ ಅಂಟಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಲಟ್ಟಣಿಗೆಯ ಬದಲು ಅಂಗೈಯಲ್ಲಿ ಬಡಿಯುವುದೂ ಅದಕ್ಕೇ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆ ಸವರಿ, ತಿರುವಿ, ಬೆಂಕಿಗೆ ತೋರಿಸಿದರೆ ಬಲೂನಿನಂತೆ ಉಬ್ಬುತ್ತದೆ.

ಮೆಕ್ಯಾನಿಕಲ್ ಓದುವವನ ಚಟ, ಕೂತಲ್ಲೇ ಲೆಕ್ಕ ಹಾಕಿದೆ. ಒಂದು ರೊಟ್ಟಿಗೆ ಸುಮಾರು 50 ಬಡಿತ. ಭಾನುವಾರ 200 ರೊಟ್ಟಿ. ಅಂದರೆ ಒಂದೇ ದಿನ 10,000 ಬಡಿತ. ಆ ಗಲ್ಲಿಯ ಆಚೆಯ ಶೆಡ್‌ಗಳಲ್ಲಿ ಪ್ರೆಸ್ ಮಷೀನುಗಳು ಮಾಡುವ ಕೆಲಸ ಇದೇ ತಾನೇ. ಆದರೆ ಮಷೀನಿಗೆ ಎಣ್ಣೆ ಬಿಡುತ್ತಾರೆ, ರಜೆ ದಿನ ಸರ್ವಿಸ್ ಮಾಡುತ್ತಾರೆ.

'ಹಿಂಗ ಕೈಲೆ ಬಡದ್ ರೊಟ್ಟಿ ಬೆಂಗ್ಳೂರಾಗ ಸಿಗೂದs ಕಷ್ಟ ನೋಡ್ರೀ ಅಕ್ಕಾರ' ಅಂತ ರೂಮ್‌ಮೇಟ್ ಹೊಗಳಿದ. ಅಕ್ಕ ನಕ್ಕು, ಎಡಗೈಯಿಂದ ಬಲಭುಜ ಒತ್ತಿಕೊಂಡರು. 'ಮಷೀನ್ ತರೋಣ ಅಂತ ಮಾಡೀವಿ. ಮಷೀನ್ ರೊಟ್ಟಿ ಮಾಡಿದ್ರ ನೀವು ಬರ್ತೀರೇನು?'

ರೂಮ್‌ಮೇಟ್ ತಟ್ಟೆ ನೋಡಿದ. ಉತ್ತರ ಕೊಟ್ಟಿದ್ದು ಅಣ್ಣ. 'ನಾ ಬರ್ತೀನ್ರಿ. ದಿನಾ ಎರಡು ಹೊತ್ತು ಉಣ್ಣಾಂವ ನಾನು. ನಿಮ್ಮ ಭುಜಾ ಹೋದ್ರ ನಾ ಎಲ್ಲಿ ಉಣ್ಣಲಿ?'

ವಾರಕ್ಕೊಮ್ಮೆ ಬಂದು ಕೈರುಚಿ, ಕೈರುಚಿ ಎನ್ನುವ ನಮ್ಮಂಥವರು ಮೊಬೈಲಿನಲ್ಲಿ ಫೋಟೊ ಹಾಕಿ ಹೋಗುತ್ತೇವೆ. ರೊಟ್ಟಿ ಉಳಿಯಬೇಕಾಗಿರುವುದು ಅಣ್ಣನಂಥವರಿಗೆ. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬರುವವರಿಗೆ ಈ ಅಕ್ಕ ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತಾರೆ. ಅದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಗಿರಾಕಿ ಕಡಿಮೆಯಾದ ಮೇಲೆ, 'ಯಾವ ಕೆಲಸ ಹೆಚ್ಚು ನೋವು ಕೊಡುತ್ತಕ್ಕಾ?' ಎಂದು ಕೇಳಿದೆ. 'ಬಡಿಯೂದು ಕೈಗೆ ರೂಢಿ ಆಗೇತಿ. ಮುಂಜಾನೆ ಎದ್ದು ಸುಡೋ ಹಿಟ್ಟು ನಾದತೀವಲ್ಲ, ಅದು ಭುಜಾ ತಿಂತೈತಿ.' ಅಂದರೆ ರೊಟ್ಟಿ ಒತ್ತುವ ದೊಡ್ಡ ಮಷೀನೇ ಬೇಕೆಂದಿಲ್ಲ. ಹಿಟ್ಟು ನಾದುವ ಸಣ್ಣದೊಂದು ಮಷೀನ್ ಸಾಕು. ಬಡಿತ ಅವರ ಕೈಯದೇ ಇರುತ್ತದೆ. ಐದು ಕೆಜಿ ಹಿಟ್ಟು ಹಿಡಿಯುವಂಥದ್ದು, ಎಸರಿನ ಬಿಸಿ ತಡೆಯುವ ಸ್ಟೀಲ್ ಪಾತ್ರೆ, ಸಿಂಗಲ್ ಫೇಸ್ ಮೋಟರ್. ಕರೆಂಟ್ ಬಿಲ್ಲಿನ ಹಿಂದೆ ಅಣ್ಣ ಅಳತೆ ಬರೆದುಕೊಂಡರು. ಹಳೇ ಮಷೀನ್ ರಿಪೇರಿ ಮಾಡಿ ಮಾರುವವರು ಪೀಣ್ಯದಲ್ಲಿ ಅವರಿಗೆ ಗೊತ್ತು. ಮುಂದಿನ ಶನಿವಾರ ನಾವೂ ಜೊತೆಗೆ ಹೋಗಿ ನೋಡುವುದೆಂದು ಮಾತಾಯಿತು.

ಹೊರಡುವಾಗ ಅಕ್ಕ ಪೇಪರಿನಲ್ಲಿ ಹತ್ತು ಖಡಕ್ ರೊಟ್ಟಿ ಕಟ್ಟಿಕೊಟ್ಟರು, ದುಡ್ಡು ಬೇಡವೆಂದರು. ನಾವು ಗಲ್ಲಿ ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದರು: 'ತಮ್ಮಾ, ಕಂತಿನಾಗ ಕೊಡ್ತಾರೇನು, ಅದನ್ನೂ ಕೇಳ್ಕೊಂಬರ್ರಿ!'